ಮಾಣಿಕನ ಪಾಲಿನ ಕಾರ್ಡು

ಜನವರಿ 1, 1973, ಸೋಮವಾರ. ಬೀದರ

ಹೊಸ ವರ್ಷದ ಬೆಳಗಿನ ಆರಾಧನೆ ಮುಗಿಸಿ ಬಂದು, ಒಲೆಯ ಮೇಲೆ ಬೇಳೆ ಇಟ್ಟು ಇದನ್ನು ಬರೆಯುತ್ತಿದ್ದೇನೆ. ಮೂವತ್ತೆರಡು ವರ್ಷ ಮಕ್ಕಳ ನೋಟುಬುಕ್ಕು ತಿದ್ದಿದ ಸುಭದ್ರಾಬಾಯಿ ಟೀಚರ್ ಈಗ ಒಂದು ಪುಸ್ತಕದ ಸಂಪಾದಕಿ. ಕೆಲಸ ಹೇಗೆ ನಡೆಯಿತು ಅನ್ನುವುದಕ್ಕೆ ಒಂದು ದಾಖಲೆ ಇರಲಿ.

ಪುಸ್ತಕ ಮಾರ್ಚ್ ಏಳರೊಳಗೆ ಆಗಬೇಕು. ಅಂದಿನಿಂದ ಈಸ್ಟರಿನ ತನಕ ಉಪವಾಸದ ನಲವತ್ತು ದಿನ, ದಿನಕ್ಕೊಂದು ಧ್ಯಾನ, ಎಲ್ಲವೂ ಬಾವಿಯ ಮೇಲೆ. ಶಾಸ್ತ್ರದಲ್ಲಿ ಎಲ್ಲೆಲ್ಲಿ ಬಾವಿ ಬರುತ್ತದೋ ಹುಡುಕಿ ಪಟ್ಟಿ ಮಾಡಿದ್ದೇನೆ. ಬರೆಯುವವರು ಬೀದರ, ಭಾಲ್ಕಿ, ಔರಾದ ಸಭೆಗಳ ನಮ್ಮ ಜನರೇ. ಪಾಸ್ಟರ್ ಮೊದಲು ನಕ್ಕಿದ್ದರು. "ಎರಡ ವರ್ಷ ಆತು ಮಳಿ ಇಲ್ಲ. ಈಗ ಬಾವಿ ಪುಸ್ತಕ ಏನ್ರಿ ಟೀಚರ್?" ಅಂದರು. ಅದಕ್ಕೇ ಬೇಕು ಅಂದೆ.

ಇವತ್ತು ವಾಗ್ದಾನದ ಕಾರ್ಡು ತೆಗೆದರು. ನಮ್ಮ ವಾಡಿಕೆ ಅದು. ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ವಚನ ಬರೆದ ಕಾರ್ಡುಗಳಿರುತ್ತವೆ; ಮನೆಗೊಬ್ಬರು ಕಣ್ಣು ಮುಚ್ಚಿ ಒಂದು ತೆಗೆಯಬೇಕು; ಆ ವರ್ಷ ದೇವರು ಆ ಮನೆಗೆ ಹೇಳುವ ಮಾತು ಅದೇ. ಬರಲಾಗದವರ ಪಾಲಿನದನ್ನು ಸಭೆಯ ಹಿರಿಯರೊಬ್ಬರು ಅವರ ಹೆಸರು ಹೇಳಿ ತೆಗೆದು ಮುಟ್ಟಿಸುತ್ತಾರೆ. ಹೆಣ್ಣು ಕೊಡುವುದು, ಊರು ಬಿಡುವುದು, ಎಲ್ಲವನ್ನೂ ಈ ಕಾರ್ಡು ನೋಡಿ ತೀರ್ಮಾನಿಸುವವರಿದ್ದಾರೆ.

ಹಳೆಯ ಕಾರ್ಡುಗಳು ಹರಿದಿದ್ದವು. ಹೊಸದಾಗಿ ಬರೆಯಲು ಪಾಸ್ಟರ್ ನನಗೇ ಹೇಳಿದರು. ನೂರಿಪ್ಪತ್ತು ಬರೆದೆ. ನನ್ನ ಪುಸ್ತಕಕ್ಕೆ ಹೊಂದುವ ವಚನಗಳನ್ನೇ ಆರಿಸಿದೆ: ಬಾವಿ, ಬುಗ್ಗೆ, ನೆಲೆ, ನೆಮ್ಮದಿ. ಉದ್ದ ಇದ್ದದ್ದನ್ನು ಕಾರ್ಡಿಗೆ ಹಿಡಿಸುವಷ್ಟು ನನ್ನ ಮಾತಿನಲ್ಲಿ ಚಿಕ್ಕದು ಮಾಡಿದೆ. ಹಿಂದೆ ನಂಬರು ಹಾಕಿ, ಯಾವ ನಂಬರಿಗೆ ಯಾವ ವಚನ, ಯಾರಿಗೆ ಯಾವುದು ಬಂತು ಅಂತ ರಿಜಿಸ್ಟರಿನಲ್ಲಿ ಏರಿಸಿದ್ದೇನೆ. ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತದೆ.

ಔರಾದಿನ ಆರು ಮನೆಗಳ ಕಾರ್ಡು ನಾನೇ ತೆಗೆದೆ. ಬಾವಿ ತೋಡುವ ಮಾಣಿಕನ ಮನೆಗೆ ಇಸಾಕನ ವಚನ ಬಂತು. ಬರ ಬಿದ್ದಿದೆಯೆಂದು ನೆಲ ಬಿಟ್ಟು ಇಳಿದು ಹೋಗಬೇಡ, ಇಲ್ಲೇ ಇರು, ನಾನು ಜೊತೆಗಿದ್ದೇನೆ, ಎಂಬ ಮಾತು. ಬಂತು ಅಂದರೆ ಬಂತು. ಅದರಲ್ಲಿ ಹೇಳುವುದೇನಿದೆ.

ಜನವರಿ 7, ಭಾನುವಾರ

ಔರಾದಿಗೆ ಹೋಗಿ ಬಂದೆ. ದಾರಿಯುದ್ದಕ್ಕೂ ಗಂಟು ಹೊತ್ತ ಜನ ಎದುರಿಗೆ ಬರುತ್ತಿದ್ದರು. ಹೋಗುವ ಬಸ್ಸು ಖಾಲಿ, ಬರುವ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ.

ಮಾಣಿಕನಿಗೆ ನಲವತ್ತು ದಾಟಿದೆ. ಓದಲು ಬರುತ್ತದೆ, ಬರೆಯುವುದು ಕಷ್ಟ. ದಸರೆಯ ರಜೆಯಲ್ಲಿ ಭಾಲ್ಕಿಯ ಪ್ರಾರ್ಥನಾ ಕೂಟದಲ್ಲಿ ಅವನು ಸಾಕ್ಷಿ ಹೇಳಿದ್ದನ್ನು ಕೇಳಿದ್ದೆ. ಮೇಲ್ಜಾತಿಯ ದೊಡ್ಡವರ ಓಣಿಗೆ ಬಾವಿ ತೋಡಿಕೊಟ್ಟ ಕಥೆ. "ತೋಡುವಾಗ ಒಳಗಿದ್ದೆ, ನೀರ ಬಂದ ಮ್ಯಾಲ ಹೊರಗಾದೆ" ಅಂದಿದ್ದ. ಅಂದೇ ನಿಶ್ಚಯಿಸಿದೆ, ನನ್ನ ಪುಸ್ತಕಕ್ಕೆ ಕಳಶ ಇದೇ. ಇಪ್ಪತ್ತಾರನೆಯ ದಿನ ಅವನದು. ಪುಸ್ತಕ ಬಿಡುಗಡೆಯ ದಿನ ಸಭೆಯ ಮೇಲಿನವರು ಬರುತ್ತಾರೆ. ಬಾವಿ ತೋಡುವವನೇ ಹೇಳಿದ ಬಾವಿಯ ಧ್ಯಾನ ಅಂತ ಅವನನ್ನು ಎದ್ದು ನಿಲ್ಲಿಸಬೇಕು.

ಅವನ ಮನೆಯ ಮುಂದೆ ಗಂಟು ಕಟ್ಟಿಟ್ಟಿದ್ದರು. ಎರಡು ಕೌದಿ, ಹಂಚು, ಪಾತ್ರೆ. ಹೆಂಡತಿಯ ತಮ್ಮ ಗೋರಖನಾಥ ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಆಳು ಒಯ್ಯುತ್ತಾನೆ, ಓಣಿಯ ಒಂಬತ್ತೂ ಮನೆಯವರು ಹೊರಡುತ್ತಾರೆ. ಪಾಸ್ಟರ್ ಇದನ್ನು ಡಿಸೆಂಬರಿನಲ್ಲೇ ಹೇಳಿದ್ದರು.

ಕಾರ್ಡು ಕೊಟ್ಟೆ. ಬೆರಳಿಟ್ಟು ಓದಿದ. ಮತ್ತೊಮ್ಮೆ ಓದಿದ.

"ಟೀಚರ್, ಇದು ನಮ್ಮ ಪಾಲಿಂದೇ ಏನ್ರಿ?"

"ನಿನ್ನ ಹೆಸರ ಹೇಳೇ ತಗದೀನಿ" ಅಂದೆ. ಸುಳ್ಳಲ್ಲ.

ಅವನು ಹೆಂಡತಿಗೆ ಗಂಟು ಬಿಚ್ಚಲು ಹೇಳಿದ. ಆಕೆ ಅಲ್ಲೇ ನಿಂತಳು. "ನನ್ನ ತಮ್ಮ ಜಾಗಾ ಹಿಡದು ಬಂದಾನ. ಅಲ್ಲಿ ನಳದಾಗ ನೀರ ಬರ್ತದಂತ. ಇಲ್ಲಿ ಏನ ಕುಡಿಯೂದು?"

"ದೇವರೇ ಇಲ್ಲಿ ಇರು ಅಂದಾನ. ಗೋರಖ ದೊಡ್ಡಾಂವೇನು ದೇವರ ದೊಡ್ಡಾಂವೇನು?"

ಆಕೆ ನನ್ನ ಮುಖ ನೋಡಿದಳು. ನಾನು ಏನಾದರೂ ಹೇಳುತ್ತೇನೆ ಅಂದುಕೊಂಡಳೋ ಏನೋ. ನಾನು ಚಹಾ ಕುಡಿಯುತ್ತಿದ್ದೆ. ಆಮೇಲೆ ಆಕೆ ಕೂತು ಗಂಟು ಬಿಚ್ಚಿ, ಹಂಚನ್ನು ತೆಗೆದು ಮತ್ತೆ ಒಲೆಯ ಮೇಲಿಟ್ಟಳು.

ಸಾಕ್ಷಿಯನ್ನು ಇವತ್ತೇ ಬರೆದುಕೊಳ್ಳಬಹುದಿತ್ತು. ಮೂರು ಗಂಟೆಯ ಬಸ್ಸು ತಪ್ಪುತ್ತದೆಂದು ಎದ್ದೆ. ಆತುರವೇನು, ಮಾಣಿಕ ಇಲ್ಲೇ ಇರುತ್ತಾನಲ್ಲ. ಮನಸ್ಸು ಹಗುರವಾಗಿದೆ.

ಜನವರಿ 13, ಶನಿವಾರ

ಬರಹಗಾರರಿಂದ ನನಗೆ ಬಿಡುಗಡೆ ಯಾವಾಗಲೋ. ಭಾಲ್ಕಿಯ ಕಾಶೀರಾಮ, ನಿವೃತ್ತ ಪೋಸ್ಟ್ ಮಾಸ್ತರರು, ಒಂದು ಪುಟ ಕೇಳಿದರೆ ಹಾಗರಳ ಬಾವಿಯ ಮೇಲೆ ಹನ್ನೊಂದು ಪುಟ ಬರೆದಿದ್ದಾರೆ. ಏಳು ಪುಟ ಅವರ ವರ್ಗಾವಣೆಯ ಕಷ್ಟ. ಹಲಬರ್ಗಾದ ಸೂಲಗಿತ್ತಿ ಕೇಶರಬಾಯಿ ಔಷಧಿ ಚೀಟಿಯ ಹಿಂದೆ ಯಾರಿಂದಲೋ ನಾಲ್ಕು ಸಾಲು ಬರೆಸಿ ಕಳಿಸಿದ್ದಾಳೆ. ಭಾಷೆ ದೇವರಿಗೇ ಪ್ರೀತಿ. ಕೆಂಪು ಪೆನ್ಸಿಲು ಈ ವಾರ ಅರ್ಧ ಸವೆದಿದೆ. 'ಅದ' ಇದ್ದಲ್ಲೆಲ್ಲ 'ಇರುತ್ತದೆ' ಮಾಡಬೇಕು, 'ಮ್ಯಾಲ' ಎಲ್ಲವನ್ನೂ 'ಮೇಲೆ' ಮಾಡಬೇಕು.

ಪ್ರೆಸ್ಸಿನ ಫಕ್ರೋದ್ದೀನ ಇನ್ನೊಂದು ತಕರಾರು ತೆಗೆದ. ಅವನ ಹತ್ತಿರ ಇರುವ 'ಬ' ಅಕ್ಷರದ ಮೊಳೆಗಳೆಲ್ಲ ಎಂಟು ಪುಟಕ್ಕೇ ಮುಗಿದವಂತೆ. "ಟೀಚರ್ ಬಾಯಿ, ಪೇಜಿಗೆ ಇಪ್ಪತ್ತ ಸಲ ಬಾವಿ ಬಾವಿ ಅಂದ್ರ ನಾ ಎಲ್ಲಿಂದ ತರ್ಲ್ರಿ? ನಡುವ ಜರಾ ಕೆರಿನೂ ಹಾಕ್ರಿ" ಅಂದ. ಎಂಟೆಂಟು ಪುಟ ಅಚ್ಚು ಮಾಡಿ, ಮೊಳೆ ಬಿಚ್ಚಿ, ಮುಂದಿನ ಎಂಟು ಜೋಡಿಸುವುದೆಂದು ಒಪ್ಪಂದವಾಯಿತು.

ಜನವರಿ 22, ಸೋಮವಾರ

ಮಾಣಿಕ ತಾನೇ ಕಷ್ಟಪಟ್ಟು ಬರೆದ ಕಾಗದ ಬಂತು. ಮಿಕ್ಕ ಎಂಟು ಮನೆಯವರೂ ಗೋರಖನಾಥನ ಜೊತೆ ಹೋದರು. ಊರಿನ ಆ ಕಡೆ ಉಳಿದವರು ಇವರಿಬ್ಬರು, ಪಕ್ಕದ ಓಣಿಯ ಮುದುಕಿ ಹಾಜಿರಾಬೀ, ಇನ್ನು ನಾಲ್ಕಾರು ಮುದುಕರು. ಊರ ಹೊರಗಿನ ಹಳೆಯ ಬಾವಿಯನ್ನು ಇನ್ನಷ್ಟು ಆಳ ಮಾಡಲು ಹಿಡಿದಿದ್ದಾನಂತೆ. ಕಾರ್ಡನ್ನು ಬಾಗಿಲ ಚೌಕಟ್ಟಿಗೆ ಹಿಟ್ಟಿನ ಅಂಟು ಹಚ್ಚಿ ಅಂಟಿಸಿದ್ದಾನಂತೆ.

ಓದಿ ಮುಗಿಸುವಷ್ಟರಲ್ಲಿ ಕಾಗದದ ಮೇಲೆ ಒಂಬತ್ತು ತಪ್ಪಿಗೆ ಕೆಂಪು ಗುರುತು ಹಾಕಿದ್ದೆ. ಅಭ್ಯಾಸ.

ಫೆಬ್ರವರಿ 5, ಸೋಮವಾರ

ಮಾಣಿಕನ ಕಾಲು ಮುರಿದಿದೆ. ನಿನ್ನೆ ಇಲ್ಲಿನ ಸರಕಾರಿ ದವಾಖಾನೆಗೆ ತಂದಿದ್ದಾರೆಂದು ಪಾಸ್ಟರ್ ಹೇಳಿಕಳಿಸಿದರು. ನಾಳೆ ಹೋಗಬೇಕು. ಇವತ್ತೇ ಹೋಗಬಹುದಿತ್ತು.

ಫೆಬ್ರವರಿ 6, ಮಂಗಳವಾರ

ಬಾವಿ ಕೆಲಸಕ್ಕೆ ಕೆಳಗೆ ಇಬ್ಬರು, ಮೇಲೆ ಹಗ್ಗಕ್ಕೆ ಇಬ್ಬರು ಗಟ್ಟಿ ಗಂಡಸರು ಬೇಕು. ಆ ಗಂಡಸರೆಲ್ಲ ಹೈದರಾಬಾದಿನಲ್ಲಿದ್ದಾರೆ. ಕೆಳಗೆ ಮಾಣಿಕ ಒಬ್ಬನೇ ಇಳಿದಿದ್ದಾನೆ. ಹಗ್ಗ ಹಿಡಿದವರು ಅವನ ಹೆಂಡತಿ ಮತ್ತು ಹಾಜಿರಾಬೀ. ಕಲ್ಲು ತುಂಬಿದ ಬುಟ್ಟಿ ಬಾಯಿಯ ಹತ್ತಿರ ಬಂದಾಗ ಹಗ್ಗ ಜಾರಿತು. ಅವನು ಸರಿದ, ಕಾಲು ಸರಿಯಲಿಲ್ಲ. ಮೊಣಕಾಲ ಕೆಳಗೆ ಎರಡು ಕಡೆ ಮುರಿದಿದೆ. ಇನ್ನು ಬಾವಿಗೆ ಇಳಿಯುವುದು ಆಗದು ಎಂದು ಡಾಕ್ಟರು ಹೇಳಿದರು.

ಮಾಣಿಕ ನನ್ನನ್ನು ನೋಡಿ ನಕ್ಕ. "ಬರ್ಕೋರಿ ಟೀಚರ್. ಪುಸ್ತಕಕ್ಕ ಹೇಳ್ತೇನಿ ಅಂದಿದ್ದೆ, ಈಗ ಪುರಸೊತ್ತ ಸಿಕ್ಕದ."

ಹಾಸಿಗೆಯ ಪಕ್ಕದಲ್ಲಿ ಕೂತು ಬರೆದುಕೊಂಡೆ. ದೊಡ್ಡವರ ಓಣಿಯ ಬಾವಿಯ ಕಥೆ ಹೇಳಿದ. ಕೊನೆಗೆ ಹೊಸದೊಂದು ಮಾತು ಸೇರಿಸಿದ: "ದೇವರ ಇರು ಅಂದ, ಇದ್ದೆ. ಕಾಲ ಹೋತು, ಜೀವ ಉಳೀತು. ಜೋಡಿ ಇರ್ತೇನಿ ಅಂತ ಕಾರ್ಡಿನ್ಯಾಗ ಹೇಳಿದ್ದ, ಇದ್ದ. ಟೀಚರ್ ಕೈಲೆ ಕಾರ್ಡ ಬಂದಿತ್ತು, ಅದನ್ನೂ ಬರೀರಿ." ಬರೆದೆ. ಅಕ್ಷರ ಎಂದಿನಂತೆ ದುಂಡಗೆ ಬಿದ್ದಿವೆ. ನನಗೆ ಅದೇ ಹೆದರಿಕೆಯಾಗುತ್ತಿದೆ.

ಹೊರಗೆ ಪಡಸಾಲೆಯಲ್ಲಿ ಅವನ ಹೆಂಡತಿ ಶಾಲುಬಾಯಿ ಕೂತಿದ್ದಳು. ಎರಡೂ ಅಂಗೈ ಹಗ್ಗ ಉಜ್ಜಿ ಸುಲಿದು ಹೋಗಿವೆ. ಬಟ್ಟೆ ಸುತ್ತಿಕೊಂಡಿದ್ದಳು.

"ನಾ ಗೊಣಗಿದೆ ರೀ ಟೀಚರ್" ಅಂದಳು. "ದೇವರ ಇರು ಅಂದ್ರ ನಾ ದಿನಾ ಮನಸ್ಸಿನ್ಯಾಗ ಬೈದೆ. ನಳ ನಳ ಅಂತ ಜಪ ಮಾಡ್ದೆ. ಅದಕ್ಕೇ ನನ್ನ ಕೈಯಾಗಿಂದೇ ಹಗ್ಗ ಬಿಡಸ್ದ. ನಾನೇ ಇವರ ಕಾಲ ಮುರದೆ."

"ಹಂಗೆಲ್ಲ ಅನಬ್ಯಾಡ" ಅಂದೆ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳಿ ಮನೆಗೆ ಬಂದೆ.

ಫೆಬ್ರವರಿ 7

ಇವತ್ತು ಬರೆಯಲಾರೆ.

ಫೆಬ್ರವರಿ 9, ಶುಕ್ರವಾರ

ನೋಡಿ ತೆಗೆದೆ.

ಬರೆದೇ ಬಿಡುತ್ತೇನೆ. ನಲವತ್ತೇಳನೆಯ ನಂಬರು. ಕತ್ತರಿ ಹಾಕುವಾಗ ಅದರ ಒಂದು ಅಂಚು ಸೊಟ್ಟಗೆ ಹೋಗಿತ್ತು, ಆದ್ದರಿಂದ ಗುರುತಿತ್ತು. ಪಾಸ್ಟರ್ ಪ್ರಾರ್ಥನೆ ಮಾಡಿಸುತ್ತಿದ್ದರು. ಐದು ಮನೆಗಳ ಕಾರ್ಡನ್ನು ಕಣ್ಣು ಮುಚ್ಚಿಯೇ ತೆಗೆದೆ. ಮಾಣಿಕನ ಹೆಸರು ಹೇಳಿ ಕಣ್ಣು ತೆರೆದೆ. ಇಡೀ ಚರ್ಚಿನಲ್ಲಿ ತೆರೆದಿದ್ದದ್ದು ನನ್ನ ಕಣ್ಣೊಂದೇ. ಕೆಳಗಿನಿಂದ ಹುಡುಕಿ ಎಳೆದೆ. ಅವನು ಹೈದರಾಬಾದಿಗೆ ಹೋದರೆ ನನ್ನ ಇಪ್ಪತ್ತಾರನೆಯ ದಿನ ಖಾಲಿ ಬೀಳುತ್ತಿತ್ತು, ಬಿಡುಗಡೆಯ ದಿನ ಎದ್ದು ನಿಲ್ಲಲು ಯಾರೂ ಇರುತ್ತಿರಲಿಲ್ಲ. ಇಷ್ಟೇ ಕಾರಣ. ಅವನ ಒಳ್ಳೆಯದಕ್ಕೆ ಅಂತ ಮೂರು ದಿನದಿಂದ ಹೇಳಿಕೊಂಡು ನೋಡಿದೆ, ನನಗೇ ಒಪ್ಪಿಗೆಯಾಗಲಿಲ್ಲ.

ಜನವರಿ ಏಳರಂದು ಇನ್ನು ಅರ್ಧ ಗಂಟೆ ಕೂತು ಬರೆದುಕೊಂಡಿದ್ದರೆ ಅವನ ಮಾತು ನನಗೆ ಸಿಗುತ್ತಿತ್ತು, ಅವನ ಗಂಟು ಕಟ್ಟಿದ ಹಾಗೇ ಇರುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ನನ್ನ ಮೇಲೆ ನನಗೆ ಅಸಹ್ಯವಾಗುತ್ತಿದೆ.

ಫೆಬ್ರವರಿ 12, ಸೋಮವಾರ

ಶಾಸ್ತ್ರದಲ್ಲಿ ಬರಗಾಲ ಬರುವ ಜಾಗಗಳನ್ನೆಲ್ಲ ಇವತ್ತು ಮೊದಲಿನಿಂದ ನೋಡಿದೆ. ಬಾವಿ ಹುಡುಕುವಾಗ ಹಾಳೆ ಮಗುಚಿ ದಾಟಿಬಿಟ್ಟ ಜಾಗಗಳು. ಬರ ಬಿದ್ದಾಗ ಇಸಾಕ ಉಳಿದ, ನಿಜ. ಅವನ ಅಪ್ಪ ಹೋಗಿದ್ದ. ಇಸಾಕನ ಮಗ ಮುದಿವಯಸ್ಸಿನಲ್ಲಿ ಮಕ್ಕಳು ಮೊಮ್ಮಕ್ಕಳ ಜೊತೆ ಗಾಡಿ ಹತ್ತಿ ಹೋದ, ಹೆದರಬೇಡ ಹೋಗು ಅಂತ ದೇವರೇ ಹೇಳಿ ಕಳಿಸಿದ. ಬರದಲ್ಲಿ ಊರು ಬಿಟ್ಟವರೇ ಹೆಚ್ಚು ಸಿಕ್ಕರು. ನಾನು ಬರೆದ ನೂರಿಪ್ಪತ್ತು ಕಾರ್ಡಿನಲ್ಲಿ 'ಹೋಗು' ಅನ್ನುವುದು ಒಂದೂ ಇಲ್ಲ. ಬೀದರದಲ್ಲಿ, ಭಾಲ್ಕಿಯಲ್ಲಿ ಇನ್ನು ಯಾರು ಯಾರು ಗಂಟು ಬಿಚ್ಚಿದರೋ.

ಫೆಬ್ರವರಿ 15, ಗುರುವಾರ

ಪಾಸ್ಟರಿಗೆ ಹೇಳಿದೆ. ಅವರು ಬರ ಪರಿಹಾರದ ಕೆಂಪು ಜೋಳ ಹಂಚಿ ಹಂಚಿ ದಣಿದಿದ್ದಾರೆ, ಮುಖ ಬಾಡಿದೆ.

"ಮಾಣಿಕ ಆ ಕಾರ್ಡಿನ ಮ್ಯಾಲೇ ನಿಂತಾನ್ರಿ ಟೀಚರ್. ಕಾಲಂತೂ ಹೋತು. ಈಗ ಅದನ್ನೂ ಕಿತ್ತರ ಅವನಿಗೆ ಏನ ಉಳೀತದ? ದೇವರ ಮುಂದ ಹೇಳ್ರಿ. ಅಷ್ಟ ಸಾಕು."

ಸರಿ ಅನ್ನಿಸಿತು. ಅವನ ವಿಶ್ವಾಸವನ್ನು ನಾನು ಯಾಕೆ ಕೆಡಿಸಬೇಕು. ಮನೆಗೆ ಬಂದು ಪ್ರಾರ್ಥನೆ ಮಾಡಿ ಊಟ ಮಾಡಿದೆ.

ಫೆಬ್ರವರಿ 19, ಸೋಮವಾರ

ಎರಡು ದಿನ ಚೆನ್ನಾಗಿ ನಿದ್ದೆ ಬಂತು. ಆಮೇಲೆ ಒಂದು ವಿಷಯ ಹೊಳೆಯಿತು. ಪಾಸ್ಟರ್ ಮತ್ತು ನಾನು ಮಾಣಿಕನ ವಿಶ್ವಾಸದ ಬಗ್ಗೆ ಒಂದು ತಾಸು ಮಾತಾಡಿದೆವು. ಶಾಲುಬಾಯಿಯ ಹೆಸರೇ ಬರಲಿಲ್ಲ. ಆ ಸುಲಿದ ಅಂಗೈ ನೋಡಿದವಳು ನಾನು. ದೇವರ ಸಿಟ್ಟು ಅಂದುಕೊಂಡು ಆಕೆ ಹೊರುತ್ತಿರುವುದು ನನ್ನ ಕೆಲಸವನ್ನು.

ಪ್ರೆಸ್ಸಿನಲ್ಲಿ ಇಪ್ಪತ್ತಾರನೆಯ ದಿನದ ಎರಡು ಪುಟ ಜೋಡಿಸಿದ್ದರು. ಕರಡು ಓದಿದೆ. 'ಅಗೆಯುವ ಸಮಯದಲ್ಲಿ ಒಳಗಿದ್ದೆನು, ಜಲ ದೊರೆತ ತರುವಾಯ ಹೊರಗಿನವನಾದೆನು.' ತಿದ್ದಿದವಳು ನಾನೇ. ಇದನ್ನು ಮಾಣಿಕ ಎಲ್ಲಿ ಹೇಳಿದ್ದ.

ಫೆಬ್ರವರಿ 22, ಗುರುವಾರ

ಮಾಣಿಕನಿಗೆ ಪ್ಲಾಸ್ಟರು ಹಾಕಿ ಊರಿಗೆ ಕಳಿಸಿದರು. ಕಳಿಸಲು ನಾನು ಹೋಗಲಿಲ್ಲ. ಮನೆಯಲ್ಲೇ ಕೂತು ಇಪ್ಪತ್ತು ಹೊಸ ಕಾರ್ಡು ಬರೆದೆ. ಎಲ್ಲವೂ ಊರು ಬಿಟ್ಟು ಹೋದವರ ವಚನ. ನಂಬರು ಹಾಕಿ, ರಿಜಿಸ್ಟರಿನಲ್ಲಿ ಏರಿಸಿ, ಡಬ್ಬಿಗೆ ಸೇರಿಸಿ ಕಲಸಿದೆ.

ಭಾನುವಾರ ಔರಾದಿಗೆ ಹೋಗುತ್ತೇನೆ. ಇಲ್ಲಿ ಬರೆದಿಟ್ಟರೆ ತಪ್ಪಿಸಿಕೊಳ್ಳಲಾರೆ ಅಂತ ಬರೆಯುತ್ತಿದ್ದೇನೆ.

ಫೆಬ್ರವರಿ 25, ಭಾನುವಾರ

ಹೋಗಿ ಬಂದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಾಗಿಲ ಚೌಕಟ್ಟಿನಲ್ಲಿ ಕಾರ್ಡು ಇತ್ತು. ಒಂದು ಅಂಚು ಸೊಟ್ಟ. ಒಳಗೆ ಮಂಚದ ಮೇಲೆ ಮಾಣಿಕ, ಕಾಲ ಕೆಳಗೆ ಮಡಚಿದ ಕೌದಿ. ಹಾಜಿರಾಬೀ ಹೊಸ್ತಿಲ ಹತ್ತಿರ ಜೋಳ ಆರಿಸುತ್ತಿದ್ದಳು. ಶಾಲುಬಾಯಿ ಚಹಾಕ್ಕೆ ಎದ್ದಳು. ಕೂರು ಅಂದೆ. ಕೂತ ಮೇಲೆ ಹೇಳಿದೆ. ಬರುವಾಗ ಬಸ್ಸಿನಲ್ಲಿ ಚೆನ್ನಾದ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಒಂದೂ ನೆನಪಿಗೆ ಬರಲಿಲ್ಲ.

"ಆ ಕಾರ್ಡ ನಿನಗ ಬಂದಿದ್ದಲ್ಲ ಮಾಣಿಕ. ನಾ ನೋಡಿ ತಗದೀನಿ."

ಅವನಿಗೆ ತಿಳಿಯಲಿಲ್ಲ. "ನೋಡಿ ಅಂದ್ರ? ಕಣ್ಣ ತಗದು ಏನ್ರಿ?"

"ಹೌದು. ನೀ ಹೋಗಬಾರ್ದು ಅಂತ ತಗದೆ. ಪುಸ್ತಕಕ್ಕ ನೀ ಬೇಕಾಗಿದ್ದಿ."

ಹಾಜಿರಾಬೀಯ ಕೈ ಮೊರದಲ್ಲಿ ನಿಂತಿತು. ಮಾಣಿಕ ಸೂರು ನೋಡುತ್ತ ಮಲಗಿದ್ದ. "ಅದರಾಗಿನ ಮಾತಂತೂ ಖರೆ ಅದ ಅಲ್ರಿ?" ಅಂದ.

"ಮಾತು ಖರೆ. ನಿನಗ ಹೇಳಿದ್ದು ದೇವರಲ್ಲ. ನಾ ಹೇಳಸೀನಿ."

ಅವನು ಗೋಡೆಯ ಕಡೆ ಮುಖ ತಿರುಗಿಸಿದ. ಮತ್ತೆ ನಾನು ಏಳುವ ತನಕ ಈ ಕಡೆ ತಿರುಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಶಾಲುಬಾಯಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಹೊಸ ಚರ್ಮ ಬರುತ್ತಿದೆ. "ಅಂದ್ರ ನನ್ನ ಮ್ಯಾಗಿನ ಸಿಟ್ಟಲ್ಲ ಅದು" ಅಂದಳು.

"ಅಲ್ಲ ಶಾಲುಬಾಯಿ."

"ದವಾಖಾನ್ಯಾಗ ನಾ ಹೇಳಿದಾಗ ನಿಮಗ ಗೊತ್ತಿತ್ತು."

"ಗೊತ್ತಿತ್ತು."

"ಎಣ್ಣಿ ಹಚ್ಕೊ ಅಂದ್ರಿ."

ಆಕೆ ಎದ್ದು ಹೋಗಿ ಉಗುರಿನಿಂದ ಕಾರ್ಡನ್ನು ಕೆರೆದು ತೆಗೆದಳು. ಅಂಟು ಗಟ್ಟಿಯಾಗಿತ್ತು, ಎರಡು ಚೂರಾಗಿ ಬಂತು. ಎರಡನ್ನೂ ನನ್ನ ಕೈಯಲ್ಲಿಟ್ಟಳು. "ತಗೋರಿ. ನಿಮ್ಮದು."

ನನ್ನ ಚೀಲದಲ್ಲಿದ್ದ ಬಿಸ್ಕತ್ತಿನ ಡಬ್ಬಿ ಆಕೆಗೆ ಕಂಡಿತು. "ಡಬ್ಬಿ ತಂದೀರಿ?"

"ತಂದೀನಿ. ಹೋಗು ಅನ್ನೂ ವಚನಾನೂ ಬರದು ಹಾಕೀನಿ. ನಿಮ್ಮ ಪಾಲಿಂದು ನೀವೇ ತಗೀರಿ."

ಮುಚ್ಚಳ ತೆಗೆದೆ. ಶಾಲುಬಾಯಿ ಕೈ ಹಾಕಿದಳು. ಕಣ್ಣು ಮುಚ್ಚಲಿಲ್ಲ, ಆದರೆ ಡಬ್ಬಿಯನ್ನೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಒಂದು ಕಾರ್ಡು ತೆಗೆದಳು. ಆಕೆಗೆ ಓದಲು ಬರುವುದಿಲ್ಲ. ನಾನು ಓದಿ ಹೇಳಲೆಂದು ಕೈ ಚಾಚಿದೆ. ಈ ಜನಕ್ಕೆ ಕಾಗದ, ನೋಟೀಸು, ವಚನ, ಎಲ್ಲವನ್ನೂ ಇಷ್ಟು ವರ್ಷ ಓದಿ ಹೇಳಿದವಳು ನಾನು.

"ಬ್ಯಾಡ್ರಿ" ಅಂದಳು. "ನೀವು ಓದಬ್ಯಾಡ್ರಿ."

ಕಾರ್ಡನ್ನು ಎಲೆ ಅಡಿಕೆಯ ಸಂಚಿಯಲ್ಲಿಟ್ಟು ದಾರ ಎಳೆದಳು. "ಬುಧವಾರ ಗೋರಖ ಬರ್ತಾನ. ಇವರನ್ನ ಎತ್ತಿ ಒಯ್ತೇವಿ. ಹೈದ್ರಾಬಾದಿನ್ಯಾಗ ಯಾರ ಕಡಿಂದಾದ್ರೂ ಓದಸ್ತೇನಿ. ಮೊದಲ ಹೋಗ್ತೇನಿ, ಆಮ್ಯಾಲ ಓದಸ್ತೇನಿ."

ಬಸ್ಸಿಗೆ ಹೊತ್ತಾಗಿತ್ತು. ಅಂಗಳಕ್ಕೆ ಇಳಿದಾಗ ಆಕೆ ಹಿಂದಿನಿಂದ ಕರೆದು ಅರ್ಧ ಲೋಟ ನೀರು ಕೊಟ್ಟಳು. "ಬಿಸಲ ಭಾಳ ಅದ, ಕುಡೀರಿ" ಅಂದಳು. ಎಷ್ಟು ದೂರದಿಂದ ತಂದದ್ದೋ ಕೇಳಲು ಧೈರ್ಯವಾಗಲಿಲ್ಲ. ಕುಡಿದೆ.

ಫೆಬ್ರವರಿ 27, ಮಂಗಳವಾರ

ಇಪ್ಪತ್ತಾರನೆಯ ದಿನದ ಪುಟ ಬಿಚ್ಚಿಸಿದೆ. ಮಾಣಿಕನ ಮಾತು ಮಾಣಿಕನ ಹತ್ತಿರವೇ ಇರಲಿ. ಫಕ್ರೋದ್ದೀನ ಮೊಳೆಗಳನ್ನು ಪೆಟ್ಟಿಗೆಯ ಆಯಾ ಮನೆಗೆ ಹಾಕುತ್ತ, "ಬ ಈಗ ಸಾಕಷ್ಟ ಆದ್ವು ನೋಡ್ರಿ. ಖರೆ, ಖಾಲಿ ಜಾಗಾದಾಗ ಏನ ಹಾಕೂದು? ಬಿಳಿ ಕಾಗದ ಬಿಡಾಕ ಬರಂಗಿಲ್ಲ" ಅಂದ.

ಸಂಪಾದಕರು ತಾವೇ ಬರೆಯಬಾರದು ಅಂತ ನಾನೇ ನಿಯಮ ಮಾಡಿದ್ದೆ. ಅವನ ಸ್ಟೂಲಿನ ಮೇಲೆ ಕೂತು ಒಂದೂವರೆ ಪುಟ ಬರೆದೆ. ಮೇಲೆ ವಚನ ಹಾಕಲಿಲ್ಲ. ಜನವರಿ ಒಂದರಂದು ನಾನು ಮಾಡಿದ್ದು ಏನು, ಅದರಿಂದ ಯಾರಿಗೆ ಏನಾಯಿತು, ಇಷ್ಟೇ. ಅವರ ಹೆಸರು ಬರೆಯಲಿಲ್ಲ, ನನ್ನದು ಬರೆದೆ. ಕಾರ್ಡು ನೋಡಿ ಊರಲ್ಲಿ ಉಳಿದವರು ಯಾರಾದರೂ ಇದ್ದರೆ ಬಂದು ನನ್ನನ್ನು ಕೇಳಿ ಎಂದು ಕೊನೆಗೆ ಸೇರಿಸಿದೆ.

ಫಕ್ರೋದ್ದೀನ ಮೊಳೆ ಜೋಡಿಸುತ್ತ ಓದಿಕೊಳ್ಳುತ್ತಾನೆ. ಮುಗಿಸಿ ಕೈ ಒರೆಸಿಕೊಂಡು ನಿಂತ. "ಟೀಚರ್ ಬಾಯಿ, ಕೆಳಗ ನಿಮ್ಮ ಹೆಸರ ಹಾಕೂದೇ ಏನ್ರಿ?"

"ಹಾಕ್ರಿ" ಅಂದೆ.

ಕೇಶರಬಾಯಿಯ ನಾಲ್ಕು ಸಾಲನ್ನು ಆಕೆ ಹೇಳಿದ ಹಾಗೇ ಕಳಿಸಿದೆ. ಕಾಶೀರಾಮರದ್ದರಲ್ಲಿ ವರ್ಗಾವಣೆಯ ಕಷ್ಟ ಒಂದು ಪ್ಯಾರಾ ಉಳಿಸಿದೆ. ತಿದ್ದಲು ಸಮಯವಿರಲಿಲ್ಲ.

ಮಾರ್ಚ್ 7, ಬುಧವಾರ

ಪುಸ್ತಕ ಬಂತು. ಮೇಲಿನವರು ಬಂದು ಬಿಡುಗಡೆ ಮಾಡಿದರು. ಯಾರನ್ನೂ ಎದ್ದು ನಿಲ್ಲಿಸಲಿಲ್ಲ. ಮೊದಲ ದಿನವೇ ಯಾರೋ ಇಪ್ಪತ್ತಾರನೆಯ ದಿನ ತೆರೆದಿರಬೇಕು, ಆರಾಧನೆ ಮುಗಿಯುವುದರೊಳಗೆ ಎಲ್ಲರ ಹಾಳೆಯೂ ಅಲ್ಲಿಗೇ ಬಂದಿತ್ತು. ಪಾಸ್ಟರ್ ನನ್ನ ಕಡೆ ನೋಡಲಿಲ್ಲ. ಬಾಗಿಲಲ್ಲಿ ಮೂವರು ಹೆಂಗಸರು ತಡೆದು, "ನಮ್ಮದೂ ನೋಡೇ ತಗದ್ರೇನ್ರಿ?" ಅಂತ ಕೇಳಿದರು. ನಿಮ್ಮದು ನೀವೇ ತೆಗೆದದ್ದು ಅಂದೆ. ನಂಬಿದರೋ ಇಲ್ಲವೋ. ಸಂಜೆಯೊಳಗೆ ಹನ್ನೊಂದು ಮನೆಯವರು ಕಾರ್ಡನ್ನು ತಂದು ನನ್ನ ಕಟ್ಟೆಯ ಮೇಲಿಟ್ಟು ಹೋದರು.

ನನ್ನ ಹೆಸರಿರುವ ಪುಸ್ತಕ ಎಂದು ಕೈಯಲ್ಲಿ ಹಿಡಿದು ನೋಡಿದೆ. ಸಂತೋಷವಾಗಲಿಲ್ಲ.

ಮಾರ್ಚ್ 18, ಭಾನುವಾರ

ನಿನ್ನೆ ಹೈದರಾಬಾದಿನಿಂದ ಗೋರಖನಾಥನ ಕಾರ್ಡು ಬಂತು, ಪೋಸ್ಟ್ ಕಾರ್ಡು. ಸುಖವಾಗಿ ಮುಟ್ಟಿದ್ದಾರೆ. ಅಕ್ಕ ಇಟ್ಟಿಗೆ ಹೊರಲು ಹೋಗುತ್ತಾಳೆ, ಮಾವನನ್ನು, ಅಂದರೆ ಮಾಣಿಕನನ್ನು, ಕಟ್ಟಡದ ಬಾಗಿಲು ಕಾಯಲು ಕೂರಿಸಿದ್ದಾರೆ. ಮಾವ ಮಾತು ಕಡಿಮೆ ಮಾಡಿದ್ದಾನೆ, ಪ್ರಾರ್ಥನೆಗೆ ಬಾ ಅಂದರೆ ಬರುವುದಿಲ್ಲ. ನಳದಲ್ಲಿ ದಿನಕ್ಕೆ ಒಂದು ತಾಸು ನೀರು. ಕೊನೆಯ ಸಾಲು: 'ಅಕ್ಕ ಹೇಳ್ಯಾಳ, ಆ ಚೀಟಿ ಇನ್ನಾ ಓದಿಸಿಲ್ಲ, ಪುರಸೊತ್ತ ಇಲ್ಲ.' ಮಾವನ ಸಾಲನ್ನು ನಾಲ್ಕು ಸಲ ಓದಿದೆ. ಅದು ಏನು ಮಾಡಿದರೂ ಅಳಿಯುವುದಲ್ಲ.

ಮಧ್ಯಾಹ್ನ ಬೇಳೆ ಇಟ್ಟು, ಡಬ್ಬಿಯನ್ನು ಚಾಪೆಯ ಮೇಲೆ ಸುರಿದೆ. ರಿಜಿಸ್ಟರು ಇದೆ. ಜನವರಿಯಲ್ಲಿ ಹಂಚಿದವು, ತಿರುಗಿ ಬಂದವು, ಉಳಿದವು, ಎಲ್ಲಕ್ಕೂ ಗುರುತು ಹಾಕುತ್ತ ಹೋದರೆ ಇಲ್ಲದ ನಂಬರು ಒಂದೇ ಉಳಿಯುತ್ತದೆ. ಅದು ಶಾಲುಬಾಯಿಯ ಸಂಚಿಯಲ್ಲಿರುವುದು. ಹೋಗು ಅಂತಲೋ ಇರು ಅಂತಲೋ, ಅರ್ಧ ತಾಸಿನಲ್ಲಿ ಗೊತ್ತಾಗುತ್ತದೆ. ಆಕೆಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ನಲವತ್ತಾರರ ತನಕ ಗುರುತು ಹಾಕಿದೆ. ನಲವತ್ತೇಳು ಎರಡು ಚೂರಾಗಿ ಈ ದಿನಚರಿಯ ಹಾಳೆಗಳ ನಡುವೆಯೇ ಇದೆ. ಅದನ್ನು ತೆಗೆದು ಜೋಡಿಸಿ ನೋಡಿದೆ. ಪೆನ್ಸಿಲು ಕೆಳಗಿಟ್ಟೆ.

ಬೇಳೆ ಇನ್ನೂ ಬೆಂದಿರಲಿಲ್ಲ. ಕಾರ್ಡುಗಳನ್ನು ಎಣಿಸದೆ, ಓದದೆ ಬಾಚಿ ಡಬ್ಬಿಗೆ ತುಂಬಿ, ರಿಜಿಸ್ಟರಿನ ಹಾಳೆಗಳನ್ನು ಒಂದೊಂದಾಗಿ ಹರಿದು ಒಲೆಗೆ ಹಾಕಿದೆ. ಶಾಲುಬಾಯಿಗೆ ಯಾವ ವಚನ ಬಂತೋ ಇನ್ನು ನನಗೆ ತಿಳಿಯುವುದಿಲ್ಲ.